ಪಿಕಪ್ ಇಲ್ಲ ಅಂದರೆ ಮೊದಲು ಕೇಳಬೇಕಾದ್ದು

ಹೋದ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಅಪ್ಪನ ಕಾರು ನಂದಿ ಬೆಟ್ಟ ಹತ್ತಲು ಒದ್ದಾಡಿತು. ಎರಡನೇ ಗೇರಿಗೆ ಹಾಕಿದರೆ ಸಾಕು, ಕುಗ್ಗಿ ಹೋಗುತ್ತಿತ್ತು. ಮೊದಲನೇ ಗೇರಿನಲ್ಲೇ ತೆವಳಿಕೊಂಡು ಹೋಗಬೇಕು. ಹಿಂದೆ ಬೈಕಿನವರು ಹಾರ್ನ್ ಹೊಡೆಯುತ್ತಿದ್ದರು. ಒಂದು ತಿರುವಿನಲ್ಲಿ ಅಪ್ಪ ಗಾಡಿಯನ್ನು ಪಕ್ಕಕ್ಕೆ ಹಾಕಿ, "ವಯಸ್ಸಾಯ್ತು ಬಿಡಪ್ಪ ಇದಕ್ಕೆ" ಅಂದರು. ಅವರ ದನಿ ಕೇಳಿ ನನಗೆ ಕಾರಿಗಿಂತ ಜಾಸ್ತಿ ಅವರ ಬಗ್ಗೆಯೇ ಸಂಕಟ ಆಯಿತು.

1998ರ ಮಾರುತಿ 800 ಅದು. ಕಾರ್ಬೊರೇಟರ್ ಗಾಡಿ, ಅಂದರೆ ಪೆಟ್ರೋಲ್, ಗಾಳಿ ಬೆರೆಸಲು ಕಂಪ್ಯೂಟರ್ ಇಲ್ಲದ ಹಳೇ ಕಾಲದ್ದು. ಅಪ್ಪ ಶಿಡ್ಲಘಟ್ಟದಲ್ಲಿ ಮೇಷ್ಟ್ರಾಗಿದ್ದಾಗ ಕೊಂಡದ್ದು. ಆಗ ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಅದಕ್ಕೇ ನಂಬರ್ ಪ್ಲೇಟಿನಲ್ಲಿ ಇವತ್ತಿಗೂ ಕೆಎ-07 ಇದೆ. ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ. ಆಗೆಲ್ಲ ನಾಲ್ಕು ಜನ ಕೂತರೂ ಬೆಟ್ಟ ಹತ್ತುತ್ತಿತ್ತು.

ಮಾರನೇ ದಿನ ಹತ್ತಿರದ ಒಂದು ಗ್ಯಾರೇಜಿಗೆ ಹೋದೆವು. ಅಲ್ಲಿದ್ದವರು ಬಾನೆಟ್ ತೆಗೆದು, ಎರಡು ಸಲ ರೇಸ್ ಮಾಡಿ, "ಎಂಜಿನ್ ಬೋರಿಗೆ ಬಂದಿದೆ ಸಾರ್, ಇಳಿಸಬೇಕು" ಅಂದುಬಿಟ್ಟರು. ಸಿಲಿಂಡರಿನ ಒಳಗೋಡೆ ಸವೆದಿದೆ, ಎಂಜಿನ್ ಬಿಚ್ಚಿ ಕೊರೆಸಬೇಕು ಅಂತ ಅದರ ಅರ್ಥ. ಮೂವತ್ತು ಸಾವಿರದ ಲೆಕ್ಕ ಕೊಟ್ಟರು. ಒಂದು ಪ್ಲಗ್ ಕೂಡ ಬಿಚ್ಚಿ ನೋಡಲಿಲ್ಲ. ಅಪ್ಪನನ್ನು ಒಂದು ಮಾತೂ ಕೇಳಲಿಲ್ಲ. ಇಪ್ಪತ್ತೇಳು ವರ್ಷ ಆ ಗಾಡಿ ಓಡಿಸಿದವರು ಅಲ್ಲೇ ಪಕ್ಕದಲ್ಲಿ ನಿಂತಿದ್ದರು!

ನಾನಿರುವುದು ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ. ಬ್ರಿಟನ್ನಿನ ಕಾರು ಉದ್ಯಮ ಬೇರು ಬಿಟ್ಟ ಊರು ಅದು. 1896ರಲ್ಲಿ ಶುರುವಾದ ಡೈಮ್ಲರ್ ಕಂಪನಿ ಕಾರ್ಖಾನೆ ಹಾಕಿದ್ದು ಅಲ್ಲೇ. ಅಂಥ ಊರಲ್ಲೂ ನನಗೆ ಇದೇ ಅನುಭವ ಆಗಿದೆ.

ನನ್ನದು ಅಲ್ಲಿ 2005ರ ಪೆಟ್ರೋಲ್ ಗಾಡಿ. ಒಂದು ಚಳಿಗಾಲದಲ್ಲಿ ಪಿಕಪ್ ಹೋಯಿತು. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ತಡವರಿಸಿ ಆಮೇಲೆ ಎಳೆಯುತ್ತಿತ್ತು. ಚೆಕ್ ಎಂಜಿನ್ ದೀಪವೂ ಬಂತು. ಗ್ಯಾರೇಜಿನ ಕೌಂಟರಿನಲ್ಲಿ ಕೀ ತಗೊಂಡರು, ಫಾರಂ ಮೇಲೆ ಸೈನ್ ಹಾಕಿಸಿಕೊಂಡರು. ರಿಪೇರಿ ಮಾಡುವವನ ಮುಖವನ್ನೇ ನಾನು ನೋಡಲಿಲ್ಲ. ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಪಿ0171 ಅಂತ ಬಂತಂತೆ. ಪೆಟ್ರೋಲಿಗಿಂತ ಗಾಳಿ ಜಾಸ್ತಿ ಆಗಿದೆ ಅಂತ ಅದರ ಅರ್ಥ, ಅಷ್ಟೇ. ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಸೆನ್ಸರನ್ನು ಅವರು ಬದಲಾಯಿಸಿ ಬಿಲ್ ಕೊಟ್ಟರು. ಎರಡೇ ವಾರಕ್ಕೆ ದೀಪ ಮತ್ತೆ ಬಂತು.

ಯೋಚನೆ ಮಾಡಿ. ಗಾಳಿ ಜಾಸ್ತಿ ಇದೆ ಅಂತ ಹೇಳಿದ್ದೇ ಆ ಸೆನ್ಸರ್. ಸುದ್ದಿ ತಂದವನನ್ನೇ ಕೆಲಸದಿಂದ ತೆಗೆದ ಹಾಗಾಯಿತು ಅಲ್ವಾ? ಗಾಳಿ ಎಲ್ಲಿಂದಲೋ ಕದ್ದು ಒಳಗೆ ಬರುತ್ತಿರಬಹುದು. ಪೆಟ್ರೋಲ್ ಪಂಪ್ ಸೋತಿರಬಹುದು. ಫಿಲ್ಟರ್ ಕಟ್ಟಿರಬಹುದು. ಕೋಡ್ ಎಲ್ಲದಕ್ಕೂ ಒಂದೇ.

ಕೊನೆಗೆ ಒಬ್ಬರೇ ನಡೆಸುವ ಸಣ್ಣ ಗ್ಯಾರೇಜಿಗೆ ಹೋದೆ. ಅವರೂ ಸ್ಕ್ಯಾನರ್ ಹಾಕಿದರು, ಆದರೆ ಕೋಡ್ ಓದಿ ಅಲ್ಲಿಗೇ ನಿಲ್ಲಿಸಲಿಲ್ಲ. ಗಾಡಿ ಓಡುತ್ತಿರುವಾಗಲೇ ಅಂಕಿಗಳನ್ನು ನೋಡುತ್ತಾ ಕೂತರು. ಬ್ರೇಕ್ ಒತ್ತಿಕೊಂಡು ಕ್ಲಚ್ ಸ್ವಲ್ಪವೇ ಬಿಡಲು ನನಗೆ ಹೇಳಿದರು. ಎಂಜಿನ್ ತನ್ನ ಜಾಗದಲ್ಲೇ ಒಂದು ಕಡೆಗೆ ವಾಲಿತು. ತಕ್ಷಣ ಅಂಕಿ ಹಾರಿತು. ಅವರು ಬಗ್ಗಿ, ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಹೋಸನ್ನು ಕೈಯಿಂದ ಬಗ್ಗಿಸಿ ತೋರಿಸಿದರು. ಮೇಲಿಂದ ನೋಡಿದರೆ ಏನೂ ಇಲ್ಲ. ಮಡಿಕೆಯ ಒಳಗೆ ಬೆರಳುದ್ದದ ಸೀಳು. ಎಂಜಿನ್ ವಾಲಿದಾಗ ಮಾತ್ರ ಅದು ಬಾಯಿ ಬಿಡುತ್ತಿತ್ತು. ಅವರು ಇದನ್ನು ಹಿಡಿದದ್ದು ಹೇಗೆ ಅಂದರೆ, ಮೊದಲೇ ನನ್ನನ್ನು ಕೇಳಿದ್ದರು: "ಯಾವಾಗಲೂ ಹೀಗಾಗುತ್ತಾ, ಜೋರಾಗಿ ಒತ್ತಿದಾಗ ಮಾತ್ರ ಆಗುತ್ತಾ?" ಜೋರಾಗಿ ಒತ್ತಿದಾಗ ಮಾತ್ರ ಅಂದಿದ್ದೆ.

ಈ ನೆನಪಿನಿಂದಲೇ ಎಂಜಿನ್ ಇಳಿಸಲು ನಾನು ಒಪ್ಪಲಿಲ್ಲ. ಅಪ್ಪನ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆ. ಎಲ್ಲರೂ ಭಾಯ್ ಅಂತಲೇ ಕರೆಯುವುದು. ಈಗ ಮಗ ಗ್ಯಾರೇಜು ನೋಡಿಕೊಳ್ಳುತ್ತಾನೆ, ಭಾಯ್ ಬೆಳಿಗ್ಗೆ ಹೊತ್ತು ಮಾತ್ರ ಬಂದು ಕೂರುತ್ತಾರೆ. ನಾವು ಹೋದಾಗ ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪನಿಗೆ ಸ್ಟೂಲ್ ಹಾಕಿಸಿ, ಟೀ ತರಿಸಿದರು.

"ಯಾವಾಗಿಂದ ಮೇಷ್ಟ್ರೇ?"

"ಈ ಮಳೆಗಾಲದಿಂದ ಭಾಯ್."

"ಒಂದೇ ಸಲ ಆಯ್ತಾ, ಬರ್ತಾ ಬರ್ತಾ ಆಯ್ತಾ?"

"ಬರ್ತಾ ಬರ್ತಾ."

"ತಣ್ಣಗಿದ್ದಾಗ ಎಳೆದು, ಬಿಸಿ ಆದ್ಮೇಲೆ ಬಿಟ್ಟುಬಿಡ್ತದಾ?"

"ಎರಡೂ ಒಂದೇ."

"ಜಗ್ತದಾ? ಜರ್ಕ್ ಹೊಡೀತದಾ? ಇಲ್ಲ ಸುಮ್ನೆ ಮೆತ್ತಗೆ ಎಳೆಯಲ್ವಾ?"

ಅಪ್ಪ ಸ್ವಲ್ಪ ಯೋಚಿಸಿದರು. "ಜರ್ಕ್ ಇಲ್ಲ. ಸದ್ದೂ ಸರಿಯಾಗೇ ಇದೆ. ಯಾರೋ ಹಿಂದಿನಿಂದ ಹಿಡ್ಕೊಂಡ ಹಾಗೆ."

"ಮಟ್ಟ ರಸ್ತೇಲಿ?"

"ಏನೂ ಗೊತ್ತಾಗಲ್ಲ."

ಮೇಲೆ ನೋಡಿದರೆ ಹರಟೆ. ಆದರೆ ಟೀ ಮುಗಿಯುವಷ್ಟರಲ್ಲಿ ಅರ್ಧ ತಪಾಸಣೆ ಮುಗಿದಿತ್ತು. ಒಂದೇ ಸಲ ಶಕ್ತಿ ಹೋದರೆ ಯಾವುದೋ ಪೈಪ್ ಕಳಚಿರಬಹುದು, ಇಲ್ಲವೇ ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿರಬಹುದು. ಬಿಸಿಯಾದ ಮೇಲೆ ಮಾತ್ರ ಆದರೆ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ. ಏರಿನಲ್ಲಿ ಸ್ವಲ್ಪ ದೂರ ಎಳೆದು ಆಮೇಲೆ ಜರ್ಕ್ ಹೊಡೆದರೆ ಪೆಟ್ರೋಲ್ ಸಾಲುತ್ತಿಲ್ಲ: ಫಿಲ್ಟರ್, ಪಂಪ್, ಜೆಟ್ ನೋಡಬೇಕು. ಲಯ ತಪ್ಪಿ ಮಿಸ್ಸಿಂಗ್ ಹೊಡೆದರೆ ಪ್ಲಗ್, ವೈರ್. ಎಂಜಿನ್ ಕೂಗು ಏರುತ್ತದೆ, ಗಾಡಿ ಮಾತ್ರ ಮುಂದೆ ಹೋಗಲ್ಲ ಅಂದರೆ ಕ್ಲಚ್ ಸ್ಲಿಪ್. ಜರ್ಕ್ ಇಲ್ಲದೆ, ಸದ್ದು ಕೆಡದೆ, ಸುಮ್ನೆ ಬಲ ಸಾಲದು ಅಂದರೆ? ಗಾಳಿ ಒಳಗೆ ಬರುತ್ತಿಲ್ಲ, ಹೊಗೆ ಹೊರಗೆ ಹೋಗುತ್ತಿಲ್ಲ, ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಎಂಜಿನ್ ನಿಜವಾಗಿಯೂ ಸವೆದಿದೆ. ಎಂಜಿನ್ ಸವೆದಿರಬಹುದು ಎಂಬ ಅನುಮಾನ ಬರಬೇಕಾದ್ದು ಇಷ್ಟೆಲ್ಲ ಆದ ಮೇಲೆ. ಮೊದಲ ಗ್ಯಾರೇಜಿನವರು ಶುರು ಮಾಡಿದ್ದೇ ಅಲ್ಲಿಂದ.

ಆಮೇಲೆ ಟ್ರಯಲ್. ಭಾಯ್ ತಾವೇ ಹೈವೇ ಕಡೆ ಓಡಿಸಿದರು. ಮಟ್ಟ ಜಾಗದಲ್ಲಿ ನ್ಯೂಟ್ರಲ್ ಮಾಡಿ ಗಾಡಿಯನ್ನು ತಾನಾಗಿ ಹರಿಯಲು ಬಿಟ್ಟರು. ಸಲೀಸಾಗಿ ಹರಿಯಿತು. ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈಯ ಹಿಂಭಾಗ ಹಿಡಿದು ನೋಡಿದರು. ಯಾವುದೂ ಜಾಸ್ತಿ ಬಿಸಿ ಇಲ್ಲ. ಬ್ರೇಕಿನ ಅನುಮಾನ ಹೋಯಿತು. ಸೈಲೆನ್ಸರ್ ಬಾಯಿಗೆ ಕೈ ಅಡ್ಡ ಹಿಡಿದರು. ಗಾಳಿ ಜೋರಾಗಿಯೇ ಬರುತ್ತಿತ್ತು.

ಗ್ಯಾರೇಜಿಗೆ ವಾಪಸ್ ಬಂದ ಮೇಲೆ ಎಂಜಿನ್ ಆಫ್ ಮಾಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯಲು ಅಪ್ಪನಿಗೆ ಹೇಳಿದರು. ಪೆಡಲ್ ಒತ್ತಿದಷ್ಟೂ ಎಂಜಿನ್ನಿಗೆ ಗಾಳಿಯ ದಾರಿ ತೆರೆಯುವ, ಕಾರ್ಬೊರೇಟರ್ ಪಕ್ಕದ ಲಿವರನ್ನು ತಾವು ನೋಡಿದರು. "ಪೂರ್ತಿ ಒತ್ತಿದೀರಾ ಮೇಷ್ಟ್ರೇ?" "ನೆಲಕ್ಕೇ ಮುಟ್ಟಿದೆ." ಭಾಯ್ ನನ್ನನ್ನು ಹತ್ತಿರ ಕರೆದು, ಒಂದೇ ಬೆರಳಿನಿಂದ ಆ ಲಿವರನ್ನು ತಳ್ಳಿದರು. ಅದು ಇನ್ನೂ ಹೋಯಿತು. ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಬಾಕಿ ಇತ್ತು!

ಪೆಡಲಿನಿಂದ ಆ ಲಿವರಿಗೆ ಹೋಗುವ ಕೇಬಲ್ ಸವೆದು ಸಡಿಲವಾಗಿತ್ತು. ಜೊತೆಗೆ ಮಳೆಗಾಲದ ಕೆಸರು ಅಂತ ಅಮ್ಮ ಹಳೇ ಮ್ಯಾಟಿನ ಮೇಲೆ ಇನ್ನೊಂದು ದಪ್ಪ ಮ್ಯಾಟ್ ಹಾಸಿದ್ದರು. ಪೆಡಲ್ ಆ ಮ್ಯಾಟಿಗೆ ತಾಗಿ ನಿಲ್ಲುತ್ತಿತ್ತು. ಮಟ್ಟ ರಸ್ತೆಯಲ್ಲಿ ಯಾರೂ ಪೂರ್ತಿ ಒತ್ತುವುದಿಲ್ಲ, ಅದಕ್ಕೇ ಗೊತ್ತಾಗಿಲ್ಲ. ನಂದಿ ಏರಿನಲ್ಲಿ ಪೂರ್ತಿ ಬೇಕು. 796 ಸಿಸಿ, ಮೂರು ಸಿಲಿಂಡರ್, ಹೊಸದಿದ್ದಾಗಲೇ 40 ಹಾರ್ಸ್‌ಪವರ್‌ಗಿಂತ ಕಡಿಮೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಸುಮಾರು ಹತ್ತನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುತ್ತದೆ. ನಂದಿಯ ತುದಿ ಇರುವುದು 1,478 ಮೀಟರ್ ಎತ್ತರದಲ್ಲಿ. ಬಿಟ್ಟುಕೊಡಲು ಆ ಪುಟ್ಟ ಎಂಜಿನ್ನಿನಲ್ಲಿ ಏನು ಉಳಿದಿರುತ್ತದೆ?

ಈಗ ಎಲ್ಲರೂ ಇ20 ಪೆಟ್ರೋಲನ್ನು, ಅಂದರೆ ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆಸಿದ್ದನ್ನು, ಬೈಯುತ್ತಾರೆ. ಅಪ್ಪನಿಗೂ ಅದೇ ಅನುಮಾನ ಇತ್ತು. ಅದರಲ್ಲಿ ನಿಜ ಇಲ್ಲದಿಲ್ಲ. ಎಥನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ, ಹಾಗಾಗಿ ಇ20ಯಲ್ಲಿ ಆರೇಳು ಪರ್ಸೆಂಟ್ ಕೊರತೆ ಆಗುತ್ತದೆ. ಹೊಸ ಗಾಡಿಗಳ ಹಾಗೆ ಕಾರ್ಬೊರೇಟರ್ ತಾನಾಗಿ ಸರಿ ಮಾಡಿಕೊಳ್ಳುವುದೂ ಇಲ್ಲ. ಹಳೇ ರಬ್ಬರ್ ಪೈಪುಗಳನ್ನು ಬದಲಾಯಿಸಿಕೊಳ್ಳುವುದು ಒಳ್ಳೆಯದೇ. ಆದರೆ ಆರೇಳು ಪರ್ಸೆಂಟ್ ಕಮ್ಮಿ ಆದ ಮಾತ್ರಕ್ಕೆ ಎರಡನೇ ಗೇರಿನಲ್ಲಿ ಗಾಡಿ ಕುಗ್ಗಿ ಹೋಗುವುದಿಲ್ಲ. ಒಂದು ಕಾರಣ ಕೈಗೆ ಸಿಕ್ಕಿತು ಅಂತ ಹುಡುಕುವುದನ್ನೇ ನಿಲ್ಲಿಸಬಾರದು.

ಹೊಸ ಕೇಬಲ್, ಕೂಲಿ ಎಲ್ಲ ಸೇರಿ ಏಳುನೂರು ರೂಪಾಯಿ ಆಯಿತು. ಅವತ್ತು ಸಾಯಂಕಾಲವೇ ಬೆಟ್ಟಕ್ಕೆ ಹೋದೆವು. ತೀರಾ ಕಡಿದಾದ ತಿರುವುಗಳನ್ನು ಬಿಟ್ಟರೆ ಉದ್ದಕ್ಕೂ ಎರಡನೇ ಗೇರ್. ಅಪ್ಪ ಏನೂ ಮಾತಾಡಲಿಲ್ಲ, ಕಿಟಕಿ ಇಳಿಸಿ ಎಂಜಿನ್ ಸದ್ದನ್ನೇ ಕೇಳುತ್ತಿದ್ದರು.

ಹಾಗಂತ ನಮ್ಮೂರಿನ ಪದ್ಧತಿಯೇ ಸರಿ, ಅಲ್ಲಿನದು ತಪ್ಪು ಅಂತ ನಾನು ಹೇಳಲಾರೆ. ಎಂಜಿನ್ ಇಳಿಸಿ ಅಂದವರೂ ನಮ್ಮೂರಿನವರೇ, ನನ್ನನ್ನು ಕೇಳಿ ಹೋಸ್ ಹುಡುಕಿದವರು ಅಲ್ಲಿನವರು. ನನ್ನ ತಕರಾರು ಬೇರೆ. ಭಾಯ್ ಅವರಂಥವರು ಕಲಿತದ್ದೆಲ್ಲ ಕಿವಿಯಲ್ಲಿ, ಬೆರಳಲ್ಲಿ ಇದೆ. ಕಾಗದದ ಮೇಲೆ ಒಂದು ಅಕ್ಷರ ಇಲ್ಲ. ರೈಲಿನ ಸದ್ದು ಬದಲಾದದ್ದನ್ನು ಕೇಳಿಯೇ ಸರಪಳಿ ಎಳೆದ ವಿಶ್ವೇಶ್ವರಯ್ಯನವರ ಕತೆ ಕೇಳಿಕೊಂಡು ಬೆಳೆದವರು ನಾವು. ಮುದ್ದೇನಹಳ್ಳಿ ನಮಗೆ ಕೂಗಳತೆಯ ಊರು. ಕಿವಿಯ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕಿವಿ ಕೇಳಿದ್ದನ್ನು ಮುಂದಿನವರಿಗೆ ದಾಟಿಸಲು ಬರವಣಿಗೆ ಬೇಕು, ಅಂಕಿ ಬೇಕು.

ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಎಂಒಟಿ ಅನ್ನುವ ಕಡ್ಡಾಯ ಸುರಕ್ಷತಾ ಪರೀಕ್ಷೆ. ಏನು ಸವೆದಿದೆ, ಯಾವುದನ್ನು ಬೇಗ ನೋಡಿಸಬೇಕು, ಎಷ್ಟು ಮೈಲಿ ಓಡಿದೆ ಎಲ್ಲ ದಾಖಲಾಗುತ್ತದೆ. ನಂಬರ್ ಹಾಕಿದರೆ ಯಾರು ಬೇಕಾದರೂ ಆನ್‌ಲೈನಿನಲ್ಲಿ ಹಳೇ ಫಲಿತಾಂಶ ನೋಡಬಹುದು. ನಮ್ಮಲ್ಲಿ ಖಾಸಗಿ ಕಾರಿಗೆ ಹದಿನೈದು ವರ್ಷ ಆದ ಮೇಲೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಆಮೇಲೆ ಐದೈದು ವರ್ಷಕ್ಕೊಮ್ಮೆ. ನಡುವೆ ಹೊಗೆ ಪರೀಕ್ಷೆ ಬಿಟ್ಟರೆ ಏನೂ ಇಲ್ಲ.

ನನಗೆ ಇನ್ನೊಂದು ಚಿಂತೆ ಇದೆ. ನಮ್ಮಲ್ಲಿ ಗಾಡಿಯೇ ತನ್ನ ದೋಷ ಹೇಳುವ ಓಬಿಡಿ ಕಡ್ಡಾಯ ಆಗಿದ್ದು 2010ರ ಏಪ್ರಿಲ್‌ನಿಂದ, ಹಂತ ಹಂತವಾಗಿ. ಅದಕ್ಕಿಂತ ಹಳೇ ಗಾಡಿಗಳು ಹಳ್ಳಿಗಳಲ್ಲಿ ಇನ್ನೂ ಎಷ್ಟೋ ಓಡುತ್ತಿವೆ. ಈಗ ಕೆಲಸ ಕಲಿಯುವ ಹುಡುಗರ ಕೈಯಲ್ಲಿ ಮೊದಲು ಇರುವುದು ಸ್ಕ್ಯಾನರ್. ಅದು ಕೆಲಸ ಮಾಡದ ಗಾಡಿ ಬಂದರೆ, "ಹಳೇದು ಸಾರ್, ಮಾರಿಬಿಡಿ" ಅನ್ನುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಪ್ರಶ್ನೆ ಕೇಳುವುದನ್ನು ಯಾರಾದರೂ ಕಲಿಸಬೇಕು.

ಊರು ಬಿಡುವ ಮುಂಚೆ ಭಾಯ್ ಅವರನ್ನು ಒಂದು ಕೆಲಸ ಕೇಳಿಕೊಂಡೆ. ಕಂಪ್ರೆಷನ್, ಅಂದರೆ ಪ್ರತಿ ಸಿಲಿಂಡರ್ ಒಳಗಿನ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ, ಗೇಜ್ ಹಾಕಿ ನೋಡಿಕೊಡಿ ಅಂದೆ. ಎಂಜಿನ್ ಬೋರಿಗೆ ಬಂದಿದೆಯೋ ಇಲ್ಲವೋ ಅಂತ ಹೇಳಬೇಕಾದ್ದು ಆ ಗೇಜ್. ಬೆಲೆ ಒಂದು ಹೊಸ ಟೈರಿಗಿಂತ ಕಮ್ಮಿ. ಎಂಜಿನ್ ಬಿಸಿ ಇರುವಾಗ ಮೂರೂ ಪ್ಲಗ್ ಬಿಚ್ಚಿ, ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಮೂರರ ನಡುವೆ ಜಾಸ್ತಿ ವ್ಯತ್ಯಾಸ ಇರಬಾರದು. ಒಂದು ಕಮ್ಮಿ ಬಂದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಬೇಕು. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ನಮ್ಮ ಗಾಡಿಯದು 155, 150, 155 ಬಂತು. ಇಳಿಸಬೇಕು ಅಂದಿದ್ದ ಎಂಜಿನ್ ಅದು!

ಅಪ್ಪನ ಹಳೇ ಹಾಜರಿ ಪುಸ್ತಕವೊಂದು ಮನೆಯಲ್ಲಿತ್ತು. ಅದರ ಖಾಲಿ ಹಾಳೆಯಲ್ಲಿ ತಾರೀಖು, ಕಿಲೋಮೀಟರ್, ಆ ಮೂರು ಅಂಕಿ, ಕೇಬಲ್ ಹಾಕಿದ್ದು ಎಲ್ಲ ಬರೆದೆವು. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ ಕೇಳಿದೆ. ಅಪ್ಪ ಭಾಯ್ ಮುಖ ನೋಡಿದರು, ಭಾಯ್ ಅಪ್ಪನ ಮುಖ ನೋಡಿದರು. ಇಬ್ಬರಿಗೂ ನೆನಪಿಲ್ಲ. ಮಾರನೇ ದಿನ ಹೊಸ ಬೆಲ್ಟ್ ಹಾಕಿಸಿ, ಅದನ್ನೂ ಬರೆದೆವು.