ಚುಕ್ಕೆಗೆರೆಯೆಲ್ಲ ದಾರಿಯಲ್ಲ
ಬೆಟ್ಟದ ಚಾರಣದಲ್ಲಿ ಜನಜಂಗುಳಿ ಬೇಡವೆಂದರೆ ಫೋನಿನ ನಕ್ಷೆಯಲ್ಲಿ ಕಾಣುವ ಯಾವುದಾದರೂ ಚುಕ್ಕೆಗೆರೆ ಹಿಡಿದು ಹೊರಡಿ ಎಂದು ಲೇಖನವೊಂದು ಕೊಟ್ಟ ಸಲಹೆ ಅಪಾಯಕಾರಿ. ಆ ಗೆರೆ, ದಾರಿ ತಪ್ಪಿದ ಯಾರದೋ ಜಿಪಿಎಸ್ ಜಾಡೂ ಆಗಿರಬಹುದು. ಮೊದಲು ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತ ರೇಖೆಗಳನ್ನು ನೋಡಿ. 1:50,000 ನಕ್ಷೆಯಲ್ಲಿ (1 ಮಿ.ಮೀ. ಎಂದರೆ ನೆಲದ ಮೇಲೆ 50 ಮೀಟರ್) 20 ಮೀಟರ್ ಎತ್ತರದ ಅಂತರ ತೋರಿಸುವ ಎರಡು ರೇಖೆಗಳ ನಡುವೆ 1 ಮಿ.ಮೀ. ಜಾಗವಿದ್ದರೆ ಇಳಿಜಾರು ಸುಮಾರು 22 ಡಿಗ್ರಿ, ನಡೆಯಬಹುದು. ಅರ್ಧ ಮಿ.ಮೀ. ಆದರೆ 39 ಡಿಗ್ರಿ; ಅಲ್ಲಿ ಕೈಯೂರಿ ಹತ್ತಬೇಕಾಗುತ್ತದೆ, ಒದ್ದೆಯಿದ್ದರೆ ಇಳಿಯುವುದಂತೂ ಬೇಡವೇ ಬೇಡ. ಇನ್ನು 15 ಮೀಟರಿನ ಕಡಿದಾದ ಬಂಡೆ ಎರಡು ರೇಖೆಗಳ ನಡುವೆ ಅಡಗಿಬಿಡಬಹುದು! ಹಾಗಾಗಿ ಉಪಗ್ರಹ ಚಿತ್ರವನ್ನು ಹಿಗ್ಗಿಸಿ ನೋಡಲೇಬೇಕು. ನಿಜಕ್ಕೂ ಜನ ಕಡಿಮೆ ಇರುವುದು ಶಿಖರ, ಜಲಪಾತ ಮುಟ್ಟದೆ ಎರಡು ಕಣಿವೆಗಳನ್ನು ಕೂಡಿಸುವ ಹಳೆಯ ಕಾಲುದಾರಿಗಳಲ್ಲಿ. ಏಕೆಂದರೆ ಹೊರಟ ಜಾಗಕ್ಕೇ ಸುತ್ತಿ ಬಾರದ ಇಂಥ ದಾರಿಯನ್ನು ವಾಹನ ನಿಲ್ಲಿಸಿ ಬಂದವರು ಆರಿಸುವುದಿಲ್ಲ.