ಹೆಡ್ ಕೋಚ್ ಬೇಕಾಗಿದ್ದಾರೆ, ಮ್ಯಾಟ್ ಕೇಳಬಾರದು

ನಮ್ಮೂರ ಕಾಲೇಜಿನ ನೋಟಿಸ್ ಬೋರ್ಡಲ್ಲಿ ಹೋದ ತಿಂಗಳು ಒಂದು ಚೀಟಿ ಬಿತ್ತು. "ಕುಸ್ತಿ ವಿಭಾಗಕ್ಕೆ ಹೆಡ್ ಕೋಚ್ ಬೇಕಾಗಿದ್ದಾರೆ." ಕಾಲೇಜ್ ಎದುರಿನ ಟೀ ಅಂಗಡೀಲಿ ನಾವು ನಾಲ್ಕು ಜನ ಹಳೇ ಸ್ಟೂಡೆಂಟ್ಸು ದಿನಾ ಸಂಜೆ ಸೇರ್ತೀವಿ, ಅದನ್ನ ಓದಿದ ಕೂಡ್ಲೆ ನಮ್ಗೆ ಬಂದ ಡೌಟು ಏನಪ್ಪಾ ಅಂದ್ರೆ, ರುಂಡಕ್ಕೆ ಅರ್ಜಿ ಕರೆದವ್ರೆ ಸರಿ, ಮುಂಡ ಎಲ್ಲಿ? ಅಸಿಸ್ಟೆಂಟ್ ಕೋಚ್ ಇಲ್ಲ, ಟೀಮ್ ಇಲ್ಲ, ಪೈಲ್ವಾನರು ಅಂತ ಇರೋದು ಇಬ್ಬರೇ ಇಬ್ಬರು. ಒಬ್ಬ ಬಿಕಾಂ ಹುಡುಗ, 57 ಕೆಜಿ. ಇನ್ನೊಬ್ಬ ಬಿಎ ಕೊನೇ ವರ್ಷ, 125 ಕೆಜಿ ವಿಭಾಗಕ್ಕೆ ಇಳೀತಾನೆ, ಅಂದ್ರೆ ಅದ್ರ ಕೆಳಗಿನ ವಿಭಾಗದ 97 ದಾಟಿದಾನೆ ಅಂತ ಲೆಕ್ಕ, ಸರಿಯಾಗಿ ಎಷ್ಟು ಅಂತ ಅವನೂ ಹೇಳಲ್ಲ ನಾವೂ ಕೇಳಕ್ಕೆ ಹೋಗಲ್ಲ.

ಗರಡಿಗೆ ಒಂದ್ ದಿನ ಕಾಲಿಟ್ಟೋರಿಗೂ ಗೊತ್ತು, ಕುಸ್ತೀಲಿ ಮೊದಲು ಆಗ್ಬೇಕಾದ ಕೆಲ್ಸ ಜೋಡಿ ಕಟ್ಟೋದು, ಅಂದ್ರೆ ಸಮಸಮ ಇರೋ ಇಬ್ಬರನ್ನ ಎದುರುಬದುರು ನಿಲ್ಲಿಸೋದು. ಮೈಸೂರಲ್ಲಿ ದಸರಾ ನಾಡಕುಸ್ತಿಗೆ ಜೋಡಿ ಕಟ್ಟೋದೇ ಒಂದು ಹಬ್ಬ. ಈ ಇಬ್ಬರನ್ನ ಜೋಡಿ ಕಟ್ಟಿದ್ರೆ ಅದು ಕುಸ್ತಿ ಆಗಲ್ಲ, ಪೊಲೀಸ್ ಕೇಸಾಗತ್ತೆ. ಹಂಗಾಗಿ ಮೂರು ವರ್ಷದಿಂದ ಇಬ್ಬರೂ ಗ್ರೌಂಡಿನ ಎರಡು ಮೂಲೇಲಿ ನಿಂತು ಅವರವರ ಪಾಡಿಗೆ ದಂಡ ಬಸ್ಕಿ ಹೊಡ್ಕೊಂಡು ಮನೆಗೆ ಹೋಗ್ತಾ ಇದಾರೆ. ಇಂಟರ್ ಕಾಲೇಜ್ ಟೂರ್ನಮೆಂಟಿಗೆ ಹೋಗ್ತಾರೆ, ಮೊದಲನೇ ರೌಂಡಲ್ಲಿ ಬೀಳ್ತಾರೆ, ಮಧ್ಯಾಹ್ನದ ಬಸ್ಸಿಗೆ ವಾಪಸ್ ಬರ್ತಾರೆ. ಕಾಲೇಜಿನ ವಾರ್ಷಿಕ ವರದೀಲಿ ಮಾತ್ರ "ನಮ್ಮ ಕ್ರೀಡಾಪಟುಗಳು ಎರಡು ವಿಭಾಗಗಳಲ್ಲಿ ಭಾಗವಹಿಸಿ ಅಪಾರ ಅನುಭವ ಗಳಿಸಿರುತ್ತಾರೆ" ಅಂತ ಬರತ್ತೆ. ಜಟ್ಟಿ ನೆಲಕ್ಕೆ ಬಿದ್ರೆ ಅದೂ ಒಂದು ಪಟ್ಟು ಅನ್ನೋ ಗಾದೇನ ಇಷ್ಟು ಚೆನ್ನಾಗಿ ಆಫೀಸ್ ಭಾಷೆಗೆ ತಂದೋರು ಇನ್ನೊಬ್ಬರಿಲ್ಲ.

ಇಂಥಾ ಕಾಲೇಜಿಗೆ ಹೆಡ್ ಕೋಚ್ ಅನ್ನೋ ಪದ ಎಲ್ಲಿಂದ ಬಂತು ಅಂದ್ರೆ, ಪೆನ್ಸಿಲ್ವೇನಿಯಾದಿಂದ. ಟ್ರಸ್ಟಿಗಳೊಬ್ಬರ ಮಗ ಅಲ್ಲಿ ಸಾಫ್ಟ್‌ವೇರು. ರಜೆಗೆ ಬಂದಿದ್ದಾಗ ಮ್ಯಾನೇಜ್‌ಮೆಂಟ್ ಮೀಟಿಂಗಲ್ಲಿ ಸ್ಲೈಡ್ ಹಾಕಿ ತೋರಿಸಿದಾರೆ. ಅವ್ರು ಹೇಳಿದ್ದು ಸುಳ್ಳಲ್ಲ, ಅದನ್ನ ಒಪ್ಕೋಬೇಕು. ಅಲ್ಲಿ ಪೆನ್ ಸ್ಟೇಟ್ ಅಂತ ಒಂದು ಯೂನಿವರ್ಸಿಟಿ, ಕುಸ್ತೀಲಿ 1953ರಲ್ಲಿ ಒಂದ್ಸಲ ನ್ಯಾಷನಲ್ ಟೈಟಲ್ ಗೆದ್ದಿದ್ದು ಬಿಟ್ರೆ ಐವತ್ತು ವರ್ಷಕ್ಕೂ ಮೇಲೆ ಬರೀ ಕೈ. 2009ರಲ್ಲಿ ಕೇಲ್ ಸ್ಯಾಂಡರ್ಸನ್ ಅನ್ನೋರನ್ನ ಅಯೋವಾ ಸ್ಟೇಟಿಂದ ಕರ್ಕೊಂಡು ಬಂದು ಹೆಡ್ ಕೋಚ್ ಮಾಡಿದ್ರು. ಆಯಪ್ಪ ಕಾಲೇಜ್ ದಿನಗಳಲ್ಲಿ 159 ಕುಸ್ತಿ ಆಡಿ 159ನ್ನೂ ಗೆದ್ದೋರು, ಮೇಲೆ 2004ರ ಅಥೆನ್ಸ್ ಒಲಿಂಪಿಕ್ಸ್ ಚಿನ್ನ. 2011ಕ್ಕೆ ಟೈಟಲ್ ಬಂತು, 2025 ಮುಗಿಯೋ ಹೊತ್ತಿಗೆ ಆಯಪ್ಪ ಒಬ್ಬರ ಕೈಲೇ 12 ಟೈಟಲ್. ಪಕ್ಕದ ಸ್ಲೈಡಲ್ಲಿ ಅಯೋವಾ ಯೂನಿವರ್ಸಿಟಿ, 2015ರಲ್ಲಿ ಫುಟ್‌ಬಾಲ್ ಸ್ಟೇಡಿಯಂ ಮಧ್ಯೆ ಮ್ಯಾಟ್ ಹಾಸಿ ಒಕ್ಲಹೋಮಾ ಸ್ಟೇಟ್ ಮೇಲೆ ಕುಸ್ತಿ ಆಡ್ಸಿದ್ರೆ 42,287 ಜನ ನೋಡಕ್ಕೆ ಬಂದಿದ್ರು. ಕಾಲೇಜ್ ಹುಡುಗ್ರ ಕುಸ್ತಿಗೆ ಕಣ್ರೀ! ನಮ್ಮಲ್ಲಿ ಆ ಇಬ್ಬರು ಹುಡುಗ್ರ ಕುಸ್ತಿ ನೋಡಕ್ಕೆ ಅವರಮ್ಮಂದಿರೂ ಬರಲ್ಲ, ಯಾಕಂದ್ರೆ ನೋಡಕ್ಕಾಗಲ್ಲ.

ಇಷ್ಟೂ ಕೇಳಿ ಟ್ರಸ್ಟಿಗಳ ತಲೇಲಿ ಉಳಿದಿದ್ದು ಒಂದೇ ಸಾಲು, ಹೆಡ್ ಕೋಚ್ ಬಂದ, ಟೈಟಲ್ ಬಂತು. ಮಧ್ಯದಲ್ಲಿ ಇನ್ನೇನಾದ್ರೂ ಇರಬೋದಾ ಅಂತ ಒಬ್ಬರೂ ಕೇಳ್ಲಿಲ್ಲ. ಅಲ್ಲಿ ಆಗ ಒಂದು ಕುಸ್ತಿ ಟೀಮಿಗೆ 9.9 ಸ್ಕಾಲರ್‌ಶಿಪ್ ಅಂತ ಮಿತಿ ಇತ್ತು, ಅಂದ್ರೆ ಅಷ್ಟನ್ನ ಹುಡುಗ್ರಿಗೆ ಹಂಚಿ ಕೊಡ್ಬೋದು. ಅದನ್ನ ಟ್ರಸ್ಟಿ ಮಗ ಹೇಳಿದಾಗ ನಮ್ ಅಕೌಂಟೆಂಟು ತುಂಬಾ ಯೋಚ್ನೆ ಮಾಡಿ, "ಸಾರ್, ಆ ಪಾಯಿಂಟ್ ಒಂಬತ್ತು ನಾವೂ ಕೊಡಬೋದು" ಅಂದ್ರಂತೆ.

ಇನ್ನೊಂದು ಫಜೀತಿ ಆಗಿದ್ದು ತೂಕದ ಪಟ್ಟೀಲಿ. ಅಮೆರಿಕದ ಕಾಲೇಜ್ ಕುಸ್ತೀಲಿ ಹತ್ತು ತೂಕದ ವಿಭಾಗ, ಎಲ್ಲಾ ಪೌಂಡ್ ಲೆಕ್ಕ, 125ರಿಂದ ಶುರುವಾಗಿ 285ಕ್ಕೆ ಮುಗಿಯತ್ತೆ. ನಮ್ಮಲ್ಲಿ ಫ್ರೀಸ್ಟೈಲಲ್ಲೂ ಹತ್ತೇ ವಿಭಾಗ, ಆದ್ರೆ ಕೆಜಿ, 57ರಿಂದ 125. ಅಂದ್ರೆ ಅಲ್ಲಿ 125 ಅಂದ್ರೆ ಎಲ್ಲಾರ್ಗಿಂತ ಪುಟ್ಟೋನು, ಇಲ್ಲಿ 125 ಅಂದ್ರೆ ಎಲ್ಲಾರ್ಗಿಂತ ದೊಡ್ಡೋನು. ಟ್ರಸ್ಟಿ ಮಗ ಕಳಿಸಿದ ಲಿಸ್ಟನ್ನ ಆಫೀಸಲ್ಲಿ ನಮ್ ಲಿಸ್ಟ್ ಜೊತೆ ಸೇರಿಸಿ ಟೈಪ್ ಮಾಡಿ, ಬಿಕಾಂ ಹುಡುಗಂಗೂ 125, ಬಿಎ ಹುಡುಗಂಗೂ 125 ಅಂತ ಹಾಕಿ ಪ್ರಿನ್ಸಿಪಾಲರ ಸೈನ್ ಮಾಡ್ಸಿ ಬೋರ್ಡಿಗೆ ಅಂಟಿಸೇಬಿಟ್ರು. ಮೂರು ವರ್ಷದಿಂದ ಕಟ್ಟಕ್ಕಾಗದೆ ಇದ್ದ ಜೋಡೀನ ಟೈಪಿಸ್ಟ್ ಒಂದೇ ಮಧ್ಯಾಹ್ನದಲ್ಲಿ ಕಟ್ಟಿದ್ರು. ಬಿಕಾಂ ಹುಡುಗ ಅದನ್ನ ನೋಡಿ ಮೂರ್ ದಿನ ಕಾಲೇಜಿಗೇ ಬರ್ಲಿಲ್ಲ.

ಈಗ ಅರ್ಹತೆ ವಿಷಯಕ್ಕೆ ಬರಾಣ. ಎಂಪಿಎಡ್ ಆಗಿರ್ಬೇಕು, ನೆಟ್ ಅಥವಾ ಕೆಸೆಟ್ ಪಾಸಾಗಿರ್ಬೇಕು, ಪಿಎಚ್‌ಡಿ ಇದ್ರೆ ಆದ್ಯತೆ, ಪಟಿಯಾಲದ ಎನ್‌ಐಎಸ್ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾ ಕಡ್ಡಾಯ, ಹತ್ತು ವರ್ಷ ಅನುಭವ ಬೇಕು, ವಯಸ್ಸು 35 ದಾಟಿರಬಾರ್ದು, ಕಂಪ್ಯೂಟರ್ ಜ್ಞಾನ ಇರ್ಬೇಕು. ಇಷ್ಟೆಲ್ಲಾ ಓದಿ ಮುಗ್ಸಿರೋ ಮನುಷ್ಯ ಲಂಗೋಟಿ ಕಟ್ಟಿದ್ದು ಯಾವಾಗ ಅಂತ ದೇವರೇ ಬಲ್ಲ. ಸಂಬಳ ತಿಂಗಳಿಗೆ 12 ಸಾವಿರ, ಹತ್ತು ತಿಂಗಳು ಮಾತ್ರ, ಹೆಸರು ಹೆಡ್ ಕೋಚ್ ಆದ್ರೂ ಆರ್ಡರಲ್ಲಿ "ಅತಿಥಿ". ಅತಿಥಿ ದೇವೋ ಭವ ಅಂತ ನಮ್ಮೋರು ಹೇಳಿದ್ದು ಇದಕ್ಕೇ ಇರ್ಬೇಕು, ದೇವ್ರಿಗೆ ಹೆಂಗಿದ್ರೂ ನೈವೇದ್ಯ ತೋರ್ಸಿ ವಾಪಸ್ ತಗೋತೀವಲ್ಲ. ಪೈಲ್ವಾನ್‌ಗಿರಿ ಮಾಡಿದ ಮನೇಲಿ ಹಾಲು, ತುಪ್ಪ, ಬಾದಾಮಿ ಖರ್ಚು ಎಷ್ಟು ಬರತ್ತೆ ಅಂತ ಗೊತ್ತಿರೋರು ಈ 12 ಸಾವಿರ ನೋಡಿದ್ರೆ ಅಳ್ತಾರೋ ನಗ್ತಾರೋ ಹೇಳಕ್ಕಾಗಲ್ಲ. ಜೊತೆಗೆ ಕೊನೇಲಿ ಸಣ್ಣಕ್ಷರದಲ್ಲಿ, ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನೋರ ಫೈಲು, ಎನ್‌ಎಸ್‌ಎಸ್ ಕ್ಯಾಂಪು, ಇಂಟರ್ನಲ್ ಪರೀಕ್ಷೆ ಮೇಲ್ವಿಚಾರಣೆ, "ಹಾಗೂ ಪ್ರಾಂಶುಪಾಲರು ವಹಿಸುವ ಇತರೆ ಕೆಲಸಗಳು". ಹೋದ ವರ್ಷ ಇತರೆ ಕೆಲಸ ಅಂದ್ರೆ ರಂಗೋಲಿ ಸ್ಪರ್ಧೆಗೆ ಜಡ್ಜಾಗೋದು.

ಆಯ್ಕೆ ಸಮಿತೀಲಿ ಐದು ಜನ. ಪ್ರಿನ್ಸಿಪಾಲರು, ಅವ್ರದ್ದು ಕೆಮಿಸ್ಟ್ರಿ. ಟ್ರಸ್ಟಿ ಒಬ್ಬರು, ಅವ್ರದ್ದು ಸಿಮೆಂಟ್. ಅಕೌಂಟೆಂಟು. ನಮ್ ಪಿಟಿ ಮೇಷ್ಟ್ರು, ಅವ್ರದ್ದು ಕ್ರಿಕೆಟ್, ಮನುಷ್ಯ ಪಾಪ ಒಳ್ಳೇವ್ರು. ಐದನೇದು ವಿಷಯ ತಜ್ಞರು, ನಿಯಮದ ಪ್ರಕಾರ ಹೊರಗಿಂದ ಬರ್ಬೇಕು, ಬಂದ್ರು, ವಾಲಿಬಾಲ್ ತಜ್ಞರು. ಒಳಗೆ ನಡೆದಿದ್ದೆಲ್ಲಾ ನಮ್ಗೆ ತಿಳಿದಿದ್ದು ಅಲ್ಲಿ ಕಾಫಿ ಕೊಡಕ್ಕೆ ಹೋಗಿದ್ದ ಅಟೆಂಡರ್ ಕಡೆಯಿಂದ, ಅವ್ನು ಆರು ಸಲ ಕಾಫಿ ಕೊಟ್ಟವ್ನೆ, ಅದಕ್ಕೇ ಒಂದೂ ಬಿಟ್ಟುಹೋಗಿಲ್ಲ.

ಮೊದಲು ಬಂದೋರು ಪಟಿಯಾಲದಲ್ಲಿ ಕಲ್ತೋರು, ವಯಸ್ಸು ಸರಿಗಿದೆ, ಡಿಪ್ಲೊಮಾ ಇದೆ, ಹರಿಯಾಣದಲ್ಲಿ ಹುಡುಗ್ರ ಜೊತೆ ಮ್ಯಾಟ್ ಮೇಲೆ ಬೆವರು ಸುರಿಸಿದಾರೆ. ಎಲ್ಲಾ ಚೆನ್ನಾಗಿತ್ತು, ಕೊನೇಲಿ "ನಿಮ್ದೇನಾದ್ರೂ ಪ್ರಶ್ನೆ ಇದ್ಯಾ" ಅಂತ ಕೇಳಿದಾರೆ ಇವ್ರು, ಮರ್ಯಾದೆಗೆ ಕೇಳೋ ಮಾತು, ಅದಕ್ಕೆ "ಇಲ್ಲ ಸಾರ್" ಅನ್ನೋದು ಲೋಕರೂಢಿ. ಆದ್ರೆ ಇವ್ರು "ಮ್ಯಾಟ್ ಎಲ್ಲಿದೆ ಸಾರ್" ಅಂದ್ಬಿಟ್ರು.

ಮ್ಯಾಟ್ ಇದೆ. ಇಲ್ಲ ಅನ್ನಂಗಿಲ್ಲ. ನ್ಯಾಕ್ ಟೀಮ್ ಬರೋಕೆ ಮುಂಚೆ ತರ್ಸಿದ್ದು, ಹನ್ನೆರಡು ಮೀಟರ್ ಉದ್ದ ಹನ್ನೆರಡು ಮೀಟರ್ ಅಗಲ, ಮಧ್ಯದಲ್ಲಿ ಒಂಬತ್ತು ಮೀಟರಿನ ವೃತ್ತ, ಅಪ್ಪಟ ಅಂತಾರಾಷ್ಟ್ರೀಯ ಅಳತೆ. ತೊಂದ್ರೆ ಏನಂದ್ರೆ ನಮ್ ಕಾಲೇಜಲ್ಲಿ ಹನ್ನೆರಡು ಮೀಟರ್ ಅಗಲ ಇರೋ ರೂಮು ಸಭಾಂಗಣ ಒಂದೇ, ಅದನ್ನ ಶನಿವಾರ ಭಾನುವಾರ ಆರತಕ್ಷತೆಗೆ ಬಾಡಿಗೆಗೆ ಕೊಡ್ತಾರೆ. ಹಂಗಾಗಿ ಮ್ಯಾಟು ತುಂಡು ತುಂಡಾಗಿ ಕಾಮರ್ಸ್ ಸ್ಟೋರ್ ರೂಮಲ್ಲಿದೆ. ವರ್ಷಕ್ಕೊಂದ್ಸಲ ಜೂನ್ 21ಕ್ಕೆ ಹೊರಗೆ ಬರತ್ತೆ, ಅದ್ರ ಮೇಲೆ ಮ್ಯಾನೇಜ್‌ಮೆಂಟೋರು ಶವಾಸನ ಹಾಕ್ತಾರೆ, ಫೋಟೋ ಆಗತ್ತೆ, ಮತ್ತೆ ಒಳಗೆ. ಇನ್ನು ಹಳೇ ಮಟ್ಟಿ ಕಥೆ ಕೇಳ್ಬೇಡಿ. ನಾವು ಓದೋವಾಗ ಹಿಂದುಗಡೆ ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಹಾಕಿ ಹದ ಮಾಡಿದ ಮಟ್ಟಿ ಇತ್ತು, ಅದ್ರ ವಾಸ್ನೆ ಕೆಮಿಸ್ಟ್ರಿ ಲ್ಯಾಬ್ ತನಕ ಬರ್ತಿತ್ತು. ಈಗ ಅಲ್ಲಿ ಇಂಟರ್‌ಲಾಕ್ ಹಾಕಿ ಸ್ಟಾಫ್ ಬೈಕ್ ಪಾರ್ಕಿಂಗ್ ಮಾಡಿದಾರೆ. ಬಿಎ ಹುಡುಗ ದಂಡ ಹೊಡೆಯೋದು ಎರಡು ಆಕ್ಟಿವಾ ಮಧ್ಯೆ.

"ಅಭ್ಯರ್ಥಿಯ ಮನೋಭಾವ ನಕಾರಾತ್ಮಕವಾಗಿದೆ" ಅಂತ ಬರ್ಕೊಂಡ್ರು. ಮುಂದಿನೋರು.

ಮುಂದಿನೋರು ನಮ್ ಪೇಟೆ ಗರಡಿ ಉಸ್ತಾದರು. ಅವ್ರು ಅರ್ಜಿ ಹಾಕೇ ಇರ್ಲಿಲ್ಲ, ಆ ಬಿಎ ಹುಡುಗ ಬಲವಂತ ಮಾಡಿ ಕರ್ಕೊಂಡು ಬಂದಿದ್ದ. ಅನುಭವ ಪ್ರಮಾಣಪತ್ರ ಎಲ್ಲಿ ಯಜಮಾನ್ರೇ ಅಂತ ಅಕೌಂಟೆಂಟ್ ಕೇಳಿದ್ರೆ, ಉಸ್ತಾದರು ಪೇಟ ಸರಿಸಿ ಕಿವಿ ತೋರಿಸಿದ್ರು. ಕುಸ್ತಿ ಆಡ್ದೋರ ಕಿವಿ ನೋಡಿದೀರಲ್ಲ, ಉಜ್ಜಿ ಉಜ್ಜಿ ಮುದುರಿ ಒಣ ಅಂಜೂರದ ಥರ ಗಟ್ಟಿಯಾಗಿರತ್ತೆ, ಆ ಕಿವಿ ಒಂದು ದಿನದಲ್ಲಿ ಬರೋದಲ್ಲ, ದುಡ್ಡು ಕೊಟ್ರೂ ಸಿಗಲ್ಲ, ಝೆರಾಕ್ಸಂತೂ ಆಗೋದೇ ಇಲ್ಲ. ವಾಲಿಬಾಲ್ ತಜ್ಞರು ಎದ್ದು ಹತ್ರ ಹೋಗಿ ನೋಡಿ "ಒರಿಜಿನಲ್ಲೇ" ಅಂದ್ರಂತೆ. ಆದ್ರೂ ಅಕೌಂಟೆಂಟು, ಇದಕ್ಕೆ ಗೆಜೆಟೆಡ್ ಆಫೀಸರ್ ಅಟೆಸ್ಟೇಶನ್ ಬೇಕಾಗತ್ತೆ ಅಂದ್ರು.

ಮೂರನೇವ್ರು ಬಂದಾಗ ಸಮಿತಿ ಮುಖ ಅರಳ್ತು. ಬ್ಲೇಜರ್ರು, ಲ್ಯಾಪ್‌ಟಾಪು, ಹೆಸರಿನ ಕೆಳಗೆ "ಮೈಂಡ್‌ಸೆಟ್ ಕೋಚ್". ನಿಯಮದ ಪ್ರಕಾರ ಡೆಮೊ ಕ್ಲಾಸು ಪಿಪಿಟೀಲೇ ಆಗ್ಬೇಕು, ಇವ್ರ ಹತ್ರ ನಲವತ್ತು ಸ್ಲೈಡು. ಧೋಬಿ ಪಟ್ಟು ಅನ್ನೋದನ್ನ ಬಾಣದ ಗುರುತು ಹಾಕಿ ನಾಲ್ಕು ಬಣ್ಣದಲ್ಲಿ ತೋರಿಸಿದ್ರು. ಕುಸ್ತಿ ಅನ್ನೋದು ತೊಂಬತ್ತು ಪರ್ಸೆಂಟ್ ಮನಸ್ಸಿನ ಆಟ ಅಂದ್ರು. ಡೆಮೊಗೆ ಅಂತ ಕೂರ್ಸಿದ್ದ ಬಿಕಾಂ ಹುಡುಗ ಕೈ ಎತ್ತಿ, "ಸಾರ್, ಮಿಕ್ಕಿದ ಹತ್ತು ಪರ್ಸೆಂಟ್ ಹೇಳ್ಕೊಡಿ ಸಾರ್, ನಂಗೆ ಅಲ್ಲೇ ಪ್ರಾಬ್ಲಮ್ಮು" ಅಂದ. ಸಮಿತಿ ಅವನ್ನ ಹೊರಗೆ ಕಳಿಸ್ತು. ಇವ್ರೇ ಆಯ್ಕೆ ಅಂತ ಇನ್ನೇನು ಬರೀಬೇಕು, ಅಷ್ಟರಲ್ಲಿ ಅವ್ರು ತಮ್ಮ ರೇಟ್ ಹೇಳಿದ್ರು, ಒಂದು ಸೆಷನ್ನಿಗೆ 25 ಸಾವಿರ. ಅಕೌಂಟೆಂಟ್ ಪೆನ್ನಿನ ಮುಚ್ಚಳ ಹಾಕಿದ ಸದ್ದು ಹೊರಗೆ ಕಾರಿಡಾರಿಗೂ ಕೇಳ್ಸಿತಂತೆ.

ಊಟ ಆದ್ಮೇಲೆ ಪ್ರಿನ್ಸಿಪಾಲರು ಒಂದು ಸಣ್ಣ ಭಾಷಣ ಮಾಡಿದ್ರು. ಹೋಳಿಗೆ ಊಟ ಆದ್ರೆ ಅವ್ರು ಮಾಡ್ತಾರೆ. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದುಕೊಟ್ಟಿದ್ದು ಕುಸ್ತಿ, 1952, ಹೆಲ್ಸಿಂಕಿ, ಕೆ.ಡಿ. ಜಾಧವ್, ಕಂಚು, ಅವರೂ ಒಂದು ಕಾಲೇಜಿನ ಹುಡುಗನೇ, ಇಲ್ಲೇ ಪಕ್ಕದ ಕೊಲ್ಹಾಪುರದ ರಾಜಾರಾಂ ಕಾಲೇಜು, ನಾವೂ ಯಾಕೆ ಒಬ್ಬ ಜಾಧವ್‌ನ ತಯಾರು ಮಾಡಬಾರದು, ಅಂತೆಲ್ಲಾ. ಆಗ ಪಿಟಿ ಮೇಷ್ಟ್ರು ಸುಮ್ನೆ ಇರಬಾರ್ದಿತ್ತಾ? "ಹೌದು ಸಾರ್, ಆ ಕಾಲೇಜಿನ ಪ್ರಿನ್ಸಿಪಾಲರು ಖರ್ಡೇಕರ್ ಅಂತ, ಹುಡುಗನ್ನ ಹೆಲ್ಸಿಂಕಿಗೆ ಕಳ್ಸಕ್ಕೆ ತಮ್ಮ ಸ್ವಂತ ಮನೆ ಅಡ ಇಟ್ಟು ಏಳು ಸಾವಿರ ರೂಪಾಯಿ ಕೊಟ್ಟಿದ್ರು" ಅಂದ್ರು. ರೂಮಲ್ಲಿ ಫ್ಯಾನ್ ಸದ್ದು ಬಿಟ್ರೆ ಬೇರೆ ಏನೂ ಇಲ್ಲ. ಎಲ್ಲಾರೂ ಪ್ರಿನ್ಸಿಪಾಲರ ಕಡೆ ನೋಡಿದ್ರು. ಅವ್ರು ಎಲೆ ಅಡಿಕೆ ಅಗೀತಾ, "ನಮ್ ಮನೆ ಆಗ್ಲೇ ಬ್ಯಾಂಕಲ್ಲಿದೆ ಮೇಷ್ಟ್ರೇ, ಇಲ್ದಿದ್ರೆ ನೋಡಬೋದಿತ್ತು" ಅಂದ್ರು. ಮಾತು ಅಲ್ಲಿಗೆ ಮುಗೀತು.

ಸಂಜೆ ಐದಕ್ಕೆ ತೀರ್ಮಾನ ಹೊರಬಿತ್ತು. "ಸೂಕ್ತ ಅಭ್ಯರ್ಥಿಗಳು ಲಭ್ಯವಿಲ್ಲದ ಕಾರಣ ದೈಹಿಕ ಶಿಕ್ಷಣ ನಿರ್ದೇಶಕರಿಗೇ ಪ್ರಭಾರ ಹೆಡ್ ಕೋಚ್ ಹುದ್ದೆಯ ಹೆಚ್ಚುವರಿ ಹೊಣೆ ವಹಿಸಲಾಗಿದೆ." ಅಂದ್ರೆ ಇಷ್ಟು ದಿನ ಯಾರು ಕುಸ್ತಿ ಹುಡುಗ್ರಿಗೆ ಬಸ್ ಚಾರ್ಜ್ ಕೊಟ್ಟು ಕಳಿಸ್ತಾ ಇದ್ರೋ ಅವ್ರೇ, ನಮ್ ಪಿಟಿ ಮೇಷ್ಟ್ರೇ. ಪೇಪರ್ ಜಾಹೀರಾತು, ತಜ್ಞರ ಟಿಎ ಡಿಎ, ಹೋಳಿಗೆ ಊಟ, ಶಾಲು ಹಾರ ಎಲ್ಲಾ ಸೇರಿ ಒಬ್ಬ ಕೋಚಿನ ಅರ್ಧ ವರ್ಷದ ಸಂಬಳ ಖರ್ಚಾಗಿ ಕೊನೆಗೆ ಸಿಕ್ಕಿದ್ದು ಕಾಲೇಜಲ್ಲೇ ಇದ್ದ ಮನುಷ್ಯ. ನಮ್ ರಾಜ್ಯದಲ್ಲಿ ಪ್ರಭಾರ ಅನ್ನೋ ಪದ ಇಲ್ದಿದ್ರೆ ಅರ್ಧ ಆಫೀಸುಗಳ ಕುರ್ಚಿ ಖಾಲಿ ಕಾಣೋದು, ಅದೊಂದು ಮಾನ ಕಾಪಾಡೋ ಪಂಚೆ ಇದ್ದಂಗೆ. ಟ್ರಸ್ಟಿ ಮಗಂಗೆ ಪೆನ್ಸಿಲ್ವೇನಿಯಾಕ್ಕೆ ಫೋಟೋ ಹೋಯ್ತು, "ನಮ್ಮ ಹೊಸ ಹೆಡ್ ಕೋಚ್" ಅಂತ. ಅವ್ರು ಕೇಳಿದ ಪ್ರಶ್ನೆ ಒಂದೇ, "ಇವ್ರನ್ನ ಯಾವ ಕಾಲೇಜಿಂದ ಕರ್ಕೊಂಡ್ ಬಂದ್ರಿ?"

ಮಾರನೇ ದಿನ ಮೇಷ್ಟ್ರು ಟೀ ಅಂಗಡಿಗೆ ಬಂದ್ರು. ಏನ್ ಮೇಷ್ಟ್ರೇ, ಹೆಡ್ ಕೋಚ್ ಆಗ್ಬಿಟ್ರಂತೆ, ಪಾರ್ಟಿ ಇಲ್ವಾ ಅಂದೆ. "ಸುಮ್ನಿರಿ ಸಾರ್, ಚೆಸ್ಸಿಗೂ ನಾನೇ, ಈಜಿಗೂ ನಾನೇ, ನಂಗೆ ಈಜೇ ಬರಲ್ಲ" ಅಂದ್ರು. ಆಮೇಲೆ ಧ್ವನಿ ತಗ್ಗಿಸಿ, ಹುಡುಗರಿಬ್ಬರನ್ನೂ ಬೆಳಗ್ಗೆ ಐದಕ್ಕೇ ಉಸ್ತಾದರ ಗರಡಿಗೆ ಕಳಿಸ್ತಾ ಇದೀನಿ, ಅಲ್ಲಿ ಇಬ್ಬರಿಗೂ ಜೋಡಿ ಸಿಗ್ತಾರೆ, ಯಾರಿಗೂ ಹೇಳ್ಬೇಡಿ, ಗೊತ್ತಾದ್ರೆ ಅನುಮತಿ ಪತ್ರ ಎಲ್ಲಿ ಅಂತಾರೆ, ಅಂದ್ರು. ಸರಿ ಮ್ಯಾಟಾದ್ರೂ ಬಿಚ್ಚಿಸ್ತೀರಾ ಈಗ ಅಂತ ಕೇಳ್ದೆ. ಟೀ ಊದಿ ಊದಿ ಒಂದು ಗುಟುಕು ಕುಡಿದು ಹೇಳಿದ್ರು:

"ಸ್ಟೋರ್ ರೂಮ್ ಕೀ ಕಾಮರ್ಸ್ ಎಚ್‌ಓಡಿ ಹತ್ರ ಇದೆ ಸಾರ್. ಅವ್ರು ಎಲೆಕ್ಷನ್ ಡ್ಯೂಟಿಗೆ ಹೋಗಿದಾರೆ. ಅವ್ರ ಜಾಗಕ್ಕೆ ಯಾರೋ ಪ್ರಭಾರ ಅಂತೆ, ಯಾರು ಅಂತ ಇನ್ನೂ ಆರ್ಡರ್ ಬಂದಿಲ್ಲ."