ಸತ್ಯಾಂಶ: ಸ್ಕ್ಯಾನ್ ಜಾಸ್ತಿ ಮಾಡಿಸಿದಷ್ಟೂ ಜೀವ ಉಳಿಯುತ್ತಾ?

'ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಇಡೀ ಮೈ ಸ್ಕ್ಯಾನ್ ಮಾಡಿಸಿ. ಕ್ಯಾನ್ಸರ್ ಬೇಗ ಸಿಕ್ಕರೆ ಜೀವ ಉಳಿದಂತೆಯೇ.' ಹಾಸನದ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮೆಸೇಜ್ ಓಡಾಡುತ್ತವೆ. ಇದು ಅರ್ಧ ನಿಜ, ಪೇಚು ಇರೋದು ಉಳಿದರ್ಧದಲ್ಲಿ.

ಲಕ್ಷಣವೇ ಇಲ್ಲದವರಲ್ಲಿ ರೋಗ ಹುಡುಕುವ ಈ ಸ್ಕ್ರೀನಿಂಗ್‌ನಿಂದ ಯಾರಿಗೆ ಲಾಭ, ಯಾರಿಗೆ ಸುಮ್ನೆ ತೊಂದರೆ? ಅಮೆರಿಕದ ವೈದ್ಯ ಗಿಲ್ಬರ್ಟ್ ವೆಲ್ಚ್ ವರ್ಷಗಟ್ಟಲೆ ಕೆದಕಿದ್ದು ಇದೇ ಪ್ರಶ್ನೆಯನ್ನು. 2014ರಲ್ಲಿ ಕೊರಿಯಾದ ಸಂಶೋಧಕರ ಜೊತೆ ಅವರು ಬರೆದ ಲೇಖನ ನೋಡಿ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯ ತಪಾಸಣೆಗೆ ಬಂದವರು ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟು ಕುತ್ತಿಗೆಯ ಅಲ್ಟ್ರಾಸೌಂಡ್ ಕೂಡ ಮಾಡಿಸಿಕೊಳ್ಳುತ್ತಿದ್ದರು. 1993ಕ್ಕೆ ಹೋಲಿಸಿದರೆ 2011ರಲ್ಲಿ ಪತ್ತೆಯಾದ ಥೈರಾಯ್ಡ್ (ಕುತ್ತಿಗೆಯಲ್ಲಿರುವ ಗ್ರಂಥಿ) ಕ್ಯಾನ್ಸರ್ 15 ಪಟ್ಟು. ಸಾವಿನ ಪ್ರಮಾಣ? ಇದ್ದಷ್ಟೇ ಇತ್ತು! ಅಂದರೆ ಹೊಸದಾಗಿ ಸಿಕ್ಕ ಗಂಟುಗಳಲ್ಲಿ ಬಹುಪಾಲು ಜೀವಕ್ಕೆ ಕುತ್ತು ತರುವಂಥವೇ ಅಲ್ಲ. ಆದರೂ ಹೆಚ್ಚಿನವರಿಗೆ ಆಪರೇಷನ್ ಆಯಿತು. ಪೂರ್ತಿ ಗ್ರಂಥಿ ತೆಗೆಸಿಕೊಂಡವರು ಬದುಕಿಡೀ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಬೇಕು. ಕೆಲವರ ದನಿಯ ನರಕ್ಕೂ ಪೆಟ್ಟಾಯಿತು.

ಹಾಗಂತ ಸ್ಕ್ರೀನಿಂಗೇ ಬೇಡ ಅನ್ನೋದೂ ತಪ್ಪು. ಮುಂಬೈನಲ್ಲಿ ತರಬೇತಿ ಪಡೆದ ಕಾರ್ಯಕರ್ತೆಯರು ವಿನೆಗರ್ ಹಚ್ಚಿ ಗರ್ಭಕೋಶದ ಬಾಯಿ ನೋಡಿದರು, ಅಷ್ಟೇ. ಆ ಕ್ಯಾನ್ಸರ್‌ನಿಂದ ಸಾಯುವವರು ಶೇ. 31ರಷ್ಟು ಕಡಿಮೆಯಾದರು.

ನಮ್ಮಲ್ಲೂ 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಾಯಿ, ಸ್ತನ, ಗರ್ಭಕೋಶದ ಬಾಯಿ ನೋಡುವ ವ್ಯವಸ್ಥೆ ಇದೆ. ಹೊಗೆಸೊಪ್ಪು ಹಾಕುವವರಂತೂ ಬಾಯಿ ತೋರಿಸಿಕೊಳ್ಳಲೇಬೇಕು. ಇನ್ನು ಗಂಟು, ರಕ್ತಸ್ರಾವ, ವಾಸಿಯಾಗದ ಹುಣ್ಣು ಇದ್ದರೆ ಅದು ಸ್ಕ್ರೀನಿಂಗ್ ಮಾತೇ ಅಲ್ಲ, ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.